ನೀರಿನ ಪರೀಕ್ಷೆ ಪಾಸು, ಅಂಟು ಫೇಲು: ಕೈಯಲ್ಲಿ ಹಿಡಿಯುವ ಎಫ್‌ಟಿಐಆರ್‌ಗೆ ಲೋಹದ ಮೇಲಿನ ಕೊಳೆ ಕಾಣುತ್ತದೆಯೇ?

1 · ಅಂಟಿನವ · ಸೋಮವಾರ, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ಅಲ್ಯೂಮಿನಿಯಂ ತಗಡುಗಳನ್ನು ಎಪಾಕ್ಸಿ ಅಂಟಿನಿಂದ ಜೋಡಿಸುವುದು ನಮ್ಮ ಕೆಲಸ. ಎರಡು ತಿಂಗಳಿಂದ ಒಂದೇ ತಲೆನೋವು. ಜೋಡಿಸಿದ ಪ್ಯಾನೆಲ್‌ಗಳಲ್ಲಿ ಕೆಲವನ್ನು ಮಾದರಿಗೆಂದು ಎಳೆದು ಬಿಚ್ಚುತ್ತೇವಲ್ಲ, ಆಗ ಅಲ್ಲಲ್ಲಿ ಅಂಗೈಯಗಲದ ಜಾಗ ಪೂರ್ತಿ ಲೋಹದಿಂದಲೇ ಕಿತ್ತು ಬರುತ್ತಿದೆ. ಅಂಟು ತನ್ನೊಳಗೇ ಹರಿದು ಎರಡೂ ಕಡೆ ಉಳಿದಿದ್ದರೆ ಚಿಂತೆಯಿರಲಿಲ್ಲ. ಇಲ್ಲಿ ಒಂದು ಕಡೆ ಬರೀ ಹೊಳೆಯುವ ಲೋಹ.

ತೊಳೆಯುವ ಕ್ರಮ ಹೀಗಿದೆ: ಕ್ಷಾರೀಯ ಡಿಟರ್ಜೆಂಟಿನ ಬಿಸಿ ತೊಟ್ಟಿ, ನಂತರ ಎರಡು ನೀರಿನ ತೊಟ್ಟಿ, ಕೊನೆಗೆ ಬಿಸಿಗಾಳಿ. ಹತ್ತು ಪ್ಯಾನೆಲ್‌ಗೆ ಒಂದರಂತೆ ಆರಿಸಿ ವಾಟರ್ ಬ್ರೇಕ್ ಟೆಸ್ಟ್ ಮಾಡುತ್ತೇವೆ. ನೀರು ಎಲ್ಲೂ ಒಡೆಯದೆ ಹಾಳೆಯಂತೆ ಹರಡುತ್ತದೆ. ಇದುವರೆಗೆ ಒಂದೂ ಫೇಲಾಗಿಲ್ಲ.

ಬೇರೆ ದಾರಿ ಕಾಣದೆ ಎರಡು ವಾರಕ್ಕೆ ಪೋರ್ಟಬಲ್ ಎಫ್‌ಟಿಐಆರ್ (ಇನ್ಫ್ರಾರೆಡ್ ಬೆಳಕು ಬಿಟ್ಟು ವಸ್ತು ಯಾವುದೆಂದು ಗುರುತಿಸುವ ಉಪಕರಣ) ಒಂದನ್ನು ಬಾಡಿಗೆಗೆ ತಂದೆವು. ಸುಮಾರು ಎರಡು ಕಿಲೋ ತೂಕ, ಡ್ರಿಲ್ ಮಷಿನ್ ಹಿಡಿದ ಹಾಗೆ ಹಿಡಿದು ಪ್ಲೇಟಿಗೆ ಮೂತಿ ಒತ್ತಿದರೆ ಆಯಿತು. ಎರಡು ಮೂತಿ ಬಂದಿವೆ: ಒಂದು 45 ಡಿಗ್ರಿ ಪ್ರತಿಫಲನದ್ದು, ಇನ್ನೊಂದು ವಜ್ರದ ಎಟಿಆರ್, ಅಂದರೆ ವಜ್ರಕ್ಕೆ ತಾಗಿ ಕೂತ ವಸ್ತುವನ್ನು ಅಳೆಯುವಂಥದ್ದು. ಚೆನ್ನಾಗಿ ತೊಳೆದ ಪ್ಯಾನೆಲ್ ಒಂದನ್ನು ರೆಫರೆನ್ಸ್ ಆಗಿಟ್ಟುಕೊಂಡು, ಅನುಮಾನದ ಹನ್ನೆರಡು ಪ್ಯಾನೆಲ್ ನೋಡಿದೆ. ಸ್ಪೆಕ್ಟ್ರಮ್, ಅಂದರೆ ಯಾವ ತರಂಗ ಎಷ್ಟು ಹೀರಲ್ಪಟ್ಟಿತು ಎಂದು ತೋರಿಸುವ ಗೆರೆ, ದಾರ ಕಟ್ಟಿದ ಹಾಗೆ ನೆಟ್ಟಗಿದೆ. ಏನೂ ಇಲ್ಲ. ಲೋಹ ನಿಜಕ್ಕೂ ಶುದ್ಧವಾಗಿದೆಯೋ, ಉಪಕರಣವೇ ಕುರುಡೋ?

2 · ಉಪ್ಪುಕಾಗದ · ಸೋಮವಾರ, 9:42

ಬಾಡಿಗೆ ದುಡ್ಡು ದಂಡ. ಮೂವತ್ತು ವರ್ಷದಿಂದ ಪೇಂಟ್ ಹೊಡೆಸುತ್ತಿದ್ದೇನೆ. ನೀರು ಹರಡಿದರೆ ಪ್ಲೇಟು ಶುದ್ಧ, ಹನಿಗಟ್ಟಿದರೆ ಇನ್ನೊಮ್ಮೆ ತೊಳಿ. ಅಷ್ಟೇ. ನಿಮ್ಮ ಅಂಟಿನ ಎರಡು ಭಾಗದ ಅಳತೆ ಸರಿಯಿದೆಯಾ, ಡಬ್ಬಿ ಹಳೆಯದಾ, ಅದನ್ನು ಮೊದಲು ನೋಡಿ.

3 · ಅಂಟಿನವ · ಸೋಮವಾರ, 9:55

ನೋಡಿದ್ದೇವೆ ಸರ್. ಮೂರು ಬೇರೆ ಬ್ಯಾಚಿನ ಅಂಟು, ಎಲ್ಲದರಲ್ಲೂ ಇದೇ ಕಥೆ. ಅದೂ ಅಲ್ಲದೆ ಅದೇ ಪ್ಯಾನೆಲ್ಲಿನ ಮಿಕ್ಕ ಜಾಗದಲ್ಲಿ ಅದೇ ಅಂಟು ಕಲ್ಲಿನಂತೆ ಕೂತಿದೆ.

4 · ಹೊಸಬ22 · ಸೋಮವಾರ, 10:20

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಲೋಹದ ಮೂಲಕ ಇನ್ಫ್ರಾರೆಡ್ ಹಾಯುವುದಿಲ್ಲ ತಾನೇ? ಮತ್ತೆ ಅದರ ಮೇಲೆ ಕೂತದ್ದು ಹೇಗೆ ಗೊತ್ತಾಗುತ್ತದೆ?

5 · ರೋಹಿತಾಕ್ಷಿ · ಸೋಮವಾರ, 11:30

ಹಾಯದೇ ಇರುವುದೇ ಇಲ್ಲಿ ಅನುಕೂಲ. ಲೋಹ ಇನ್ಫ್ರಾರೆಡ್‌ಗೆ ಒಳ್ಳೆಯ ಕನ್ನಡಿ. ಕಿರಣ ಮೇಲಿನ ಪದರದೊಳಗೆ ಇಳಿದು, ಲೋಹಕ್ಕೆ ಬಡಿದು, ಅದೇ ಪದರದ ಮೂಲಕ ಮತ್ತೆ ಹೊರಬರುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಪದರದ ಅಣುಗಳು ತಮಗೆ ಬೇಕಾದ ತರಂಗಗಳನ್ನು ಹೀರಿಕೊಳ್ಳುತ್ತವೆ. ಎಣ್ಣೆ, ಗ್ರೀಸ್, ಮೇಣ ಯಾವುದೇ ಇರಲಿ, ಕಾರ್ಬನ್-ಹೈಡ್ರೋಜನ್ ಬಂಧ 2920 ಮತ್ತು 2850ರ ಹತ್ತಿರ ಹೀರುತ್ತದೆ. ಈ ಸಂಖ್ಯೆಗಳೆಲ್ಲ ಒಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಎಂಬ ಲೆಕ್ಕ. ಎಸ್ಟರ್ ಇದ್ದರೆ 1740ರ ಸುತ್ತ, ಕೊಬ್ಬಿನ ಆಮ್ಲವಿದ್ದರೆ 1710, ಅದೇ ಆಮ್ಲ ಲೋಹದ ಜೊತೆ ಸೇರಿ ಸೋಪಾಗಿದ್ದರೆ 1540ರಿಂದ 1580.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಿರಣ ನೇರವಾಗಿ ಮೇಲಿನಿಂದ ಬಿದ್ದರೆ, ಬರುವ ಅಲೆ ಮತ್ತು ಹಿಂತಿರುಗುವ ಅಲೆ ಲೋಹದ ಮೈಯಲ್ಲೇ ಒಂದನ್ನೊಂದು ರದ್ದು ಮಾಡಿಕೊಳ್ಳುತ್ತವೆ. ತೆಳುವಾದ ಕೊಳೆ ಇರುವುದು ಸರಿಯಾಗಿ ಅಲ್ಲೇ, ಅಂದರೆ ಬೆಳಕಿನ ಕ್ಷೇತ್ರ ಸತ್ತು ಮಲಗಿರುವ ಜಾಗದಲ್ಲಿ. ಕಿರಣವನ್ನು ಓರೆ ಮಾಡುತ್ತಾ ಹೋಗಿ, ಲೋಹವನ್ನು ಸವರಿಕೊಂಡು ಹೋಗುವಷ್ಟು ಮಲಗಿಸಿದರೆ, ಲೋಹಕ್ಕೆ ಲಂಬವಾಗಿ ಕಂಪಿಸುವ ಭಾಗ ಮಾತ್ರ ಬಲವಾಗುತ್ತದೆ. 1966ರಲ್ಲಿ ಗ್ರೀನ್‌ಲರ್ ಈ ಲೆಕ್ಕ ಹಾಕಿ, ಲಂಬದಿಂದ 80 ಡಿಗ್ರಿ ದಾಟಿದ ಮೇಲೆಯೇ ಸಂಕೇತ ಚೆನ್ನಾಗಿ ಬೆಳೆಯುತ್ತದೆ ಎಂದು ತೋರಿಸಿದರು. ಅದಕ್ಕೇ ಕೈ ಉಪಕರಣಗಳಿಗೆ 82 ಡಿಗ್ರಿಯ ಹತ್ತಿರದ ಗ್ರೇಜಿಂಗ್ ಮೂತಿ ಬೇರೆಯಾಗಿಯೇ ಸಿಗುತ್ತದೆ. ಬೆಳಕಿನ ಚುಕ್ಕೆ ಆಗ ಏಳು ಪಟ್ಟು ಉದ್ದಕ್ಕೆ ಎಳೆದುಕೊಳ್ಳುತ್ತದೆ, ಹಾಗಾಗಿ ಚಪ್ಪಟೆ ಜಾಗ ಬೇಕು.

ಅಂಟಿನವರೇ, 45 ಡಿಗ್ರಿಯಲ್ಲಿ ಕುರುಡೇನೂ ಅಲ್ಲ. ನಯವಾದ ಪ್ಲೇಟಿನ ಮೇಲೆ 100 ನ್ಯಾನೋಮೀಟರ್ ಎಣ್ಣೆಯಿದ್ದರೆ ಕಾಣಲೇಬೇಕು. ಆ ನೆಟ್ಟಗಿನ ಗೆರೆ ನನಗೆ ಅನುಮಾನ ತರಿಸುತ್ತಿದೆ. ನಿಮ್ಮ ರೆಫರೆನ್ಸ್ ಪ್ಯಾನೆಲ್ ಎಲ್ಲಿಂದ ಬಂತು?

6 · ಅಂಟಿನವ · ಸೋಮವಾರ, 11:48

ಅದೇ ಲೈನಿನಿಂದ ಮೇಡಂ. ಅವತ್ತಿನ ಬ್ಯಾಚಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದನ್ನು ಆರಿಸಿಕೊಂಡೆ.

7 · ಒರೆಗಲ್ಲು · ಸೋಮವಾರ, ಮಧ್ಯಾಹ್ನ 12:15

ಬೇಲೀನ ಎದ್ದು ಹೊಲಾ ಮೇಯ್ದಂಗ ಆತಲ್ರೀ. ಅದ ತೊಟ್ಟ್ಯಾಗ ಮುಳುಗಿ ಎದ್ದ ಪ್ಯಾನೆಲ್ ರೆಫರೆನ್ಸ್ ಇಟ್ಟರ, ಅದರ ಮ್ಯಾಲೆ ಇರೋದು ಇದರ ಮ್ಯಾಲೂ ಇರ್ತದ. ಮಷಿನ್ ಮಾಡೋದು ಬರೇ ಭಾಗಾಕಾರ: ಈ ಪ್ಲೇಟಿನ ಬೆಳಕು ಭಾಗಿಸು ಆ ಪ್ಲೇಟಿನ ಬೆಳಕು. ಎರಡರಾಗೂ ಒಂದ ಕೊಳಿ ಇದ್ದರ ಉತ್ತರ ಒಂದು ಬರ್ತದ, ಗೆರಿ ನೆಟ್ಟಗ ಬರ್ತದ. ನಾನೂ ಇದ ಹಳ್ಳಕ್ಕ ಬಿದ್ದು ಎದ್ದಾಂವ. ನಂದು ಇನ್ನೂ ಮಜಾ ಇತ್ತು. ರೆಫರೆನ್ಸ್ ಪ್ಲೇಟಿನ ಮ್ಯಾಲೆ ಕೊಳಿ ಜಾಸ್ತಿ ಇದ್ದು, ಪೀಕ್ ಎಲ್ಲಾ ತಲಿಕೆಳಗ ಬಂದಿದ್ದವು. ಸಾಫ್ಟ್‌ವೇರ್ ಕೆಟ್ಟದ ಅಂತ ಎರಡು ದಿನ ಬಡಕೊಂಡೆ.

ಬಾಡಿಗಿ ಡಬ್ಬ್ಯಾಗ ಬಂಗಾರದ ಕನ್ನಡಿ ಒಂದು ಇರಬೇಕು ನೋಡ್ರಿ, ಮುಚ್ಚಳದಂಗ ಇರ್ತದ. ಅದನ್ನ ರೆಫರೆನ್ಸ್ ಮಾಡಿ ತಗೋರಿ. 64 ಸ್ಕ್ಯಾನ್ ಸಾಲೂದಿಲ್ಲ, 256 ಹಾಕ್ರಿ. ನಾಲ್ಕು ಪಟ್ಟು ಸ್ಕ್ಯಾನ್ ಮಾಡಿದರ ಗದ್ದಲ ಅರ್ಧ ಆಗ್ತದ. ರೆಸೊಲ್ಯೂಶನ್ 8 ಇದ್ದರ ಸಾಕು.

8 · ರೋಹಿತಾಕ್ಷಿ · ಸೋಮವಾರ, 12:40

ಒರೆಗಲ್ಲು ಸರ್ ಹೇಳಿದ್ದೇ ನನ್ನ ಮಾತು ಕೂಡ. ಜೊತೆಗೆ ಎರಡು ಎಚ್ಚರಿಕೆ. ಬಿಸಿಗಾಳಿಯಿಂದ ಆಗಷ್ಟೇ ಬಂದ ಪ್ಯಾನೆಲ್ ಅಳೆಯಬೇಡಿ, ಬಿಸಿ ಲೋಹ ತಾನೇ ಇನ್ಫ್ರಾರೆಡ್ ಸೂಸುತ್ತದೆ. ಮೂತಿಯ ಹತ್ತಿರ ಮುಖ ತಂದು ಉಸಿರು ಬಿಡಬೇಡಿ: 2350ರಲ್ಲಿ ಇಂಗಾಲದ ಡೈಆಕ್ಸೈಡ್ ಎದ್ದು ನಿಲ್ಲುತ್ತದೆ, 1400ರಿಂದ 1900ರವರೆಗೆ ನೀರಾವಿಯ ಮುಳ್ಳುಗಳು ಬರುತ್ತವೆ. ಅದನ್ನು ಕೊಳೆ ಎಂದು ವರದಿ ಬರೆದವರನ್ನು ನೋಡಿದ್ದೇನೆ.

ಆಮೇಲೆ, ರೋಲಿಂಗ್‌ನ ಗೆರೆಗಳು ಯಾವ ದಿಕ್ಕಿಗಿವೆ ನೋಡಿಕೊಳ್ಳಿ. ಪ್ರತಿ ಸಲ ಒಂದೇ ದಿಕ್ಕಿಗೆ ಹಿಡಿಯಿರಿ. ಗೆರೆಗೆ ಅಡ್ಡ ಹಿಡಿದಾಗ ಮತ್ತು ಉದ್ದಕ್ಕೆ ಹಿಡಿದಾಗ ಹಿಂತಿರುಗುವ ಬೆಳಕಿನ ಪ್ರಮಾಣವೇ ಬೇರೆ.

9 · ಅಂಟಿನವ · ಸೋಮವಾರ, ಸಂಜೆ 5:05

ಮುಚ್ಚಳ ಎಂದುಕೊಂಡು ಪೆಟ್ಟಿಗೆಯಲ್ಲೇ ಬಿಟ್ಟಿದ್ದೆ, ಅದು ಕನ್ನಡಿಯಂತೆ! ಈಗ ಕಾಣುತ್ತಿದೆ. 1110ರ ಸುತ್ತ ಅಗಲವಾದ ದೊಡ್ಡ ಪೀಕ್. 2870ರ ಹತ್ತಿರ ಒಂದು ಗುಡ್ಡ. 1250ರಲ್ಲಿ ಸಣ್ಣದೊಂದು. ಕೆಳಗೆ 950ರ ಕಡೆ ಅಗಲವಾದ ಉಬ್ಬು. ಅನುಮಾನದ ಹನ್ನೆರಡರಲ್ಲಿ ಎಂಟರಲ್ಲಿ ಹೀಗಿದೆ, ನನ್ನ ಆ 'ಶುದ್ಧ' ರೆಫರೆನ್ಸ್ ಪ್ಯಾನೆಲ್ಲಿನಲ್ಲೂ ಇದೆ.

10 · ಉಪ್ಪುಕಾಗದ · ಸೋಮವಾರ, 5:30

ಸಿಲಿಕೋನ್! ಬೇರೆ ಮಾತೇ ಇಲ್ಲ. 1100ರಲ್ಲಿ ದೊಡ್ಡದು, 1250ರಲ್ಲಿ ಇನ್ನೊಂದು. ನಾನು ಆ ಮಷಿನ್ ಬಳಸಿಲ್ಲದಿದ್ದರೂ ಲ್ಯಾಬಿನವರು ಕೊಟ್ಟ ಕಾಗದ ನೋಡಿದ್ದೇನೆ. ಒಮ್ಮೆ ನಮ್ಮ ಬೂತಿನಲ್ಲಿ ವಾರಗಟ್ಟಲೆ ಪೇಂಟಿನಲ್ಲಿ ಫಿಶ್‌ಐ (ಪೇಂಟ್ ಸರಿದು ಬೀಳುವ ದುಂಡು ಕುಳಿ) ಬಂತು. ಪೇಂಟ್ ಬದಲಿಸಿದೆವು, ಗನ್ ಬದಲಿಸಿದೆವು, ಏರ್ ಲೈನ್ ಬಿಚ್ಚಿದೆವು. ಕೊನೆಗೆ ನೋಡಿದರೆ ಪಕ್ಕದ ಕೋಣೆಯಲ್ಲಿ ಒಬ್ಬ ಹುಡುಗ ಬಾಗಿಲಿನ ಕೀಲಿಗೆ ಸಿಲಿಕೋನ್ ಸ್ಪ್ರೇ ಹೊಡೆಯುತ್ತಿದ್ದ. ಗಾಳಿಯಲ್ಲಿ ತೇಲಿಕೊಂಡು ಬರುತ್ತದೆ ಆ ಪಾಪಿ ವಸ್ತು. ಯಾರ ಕೈಗೆ ಹಚ್ಚುವ ಕ್ರೀಮಿನಲ್ಲಿ ಇದೆಯೋ ವಿಚಾರಿಸಿ.

11 · ರೋಹಿತಾಕ್ಷಿ · ಸೋಮವಾರ, ರಾತ್ರಿ 8:15

ನಿಲ್ಲಿ ಸರ್, ಆತುರ ಬೇಡ. ಸಿಲಿಕೋನ್ ಎಣ್ಣೆಯ ಗುರುತು 1100 ಅಲ್ಲ, 1260. ಸಿಲಿಕಾನ್‌ಗೆ ಅಂಟಿಕೊಂಡ ಮೀಥೈಲ್ ಗುಂಪಿನದು ಅದು. ಸೂಜಿಯ ಹಾಗೆ ಚೂಪಾಗಿ, ಎದ್ದು ಕಾಣುವ ಹಾಗೆ ಇರುತ್ತದೆ. ಜೊತೆಗೆ 800ರಲ್ಲಿ ಬಲವಾದ ಇನ್ನೊಂದು ಇರಲೇಬೇಕು. 1000ದಿಂದ 1100ರ ನಡುವೆ ಬರುವುದು ಎರಡು ತಲೆಯ ಅಗಲ ಪಟ್ಟಿ. ಸಿ-ಎಚ್ ಕೂಡ 2870ರಲ್ಲಿ ಗುಡ್ಡವಾಗಿ ಬರುವುದಿಲ್ಲ, 2960ರಲ್ಲಿ ತೆಳ್ಳಗೆ ನಿಲ್ಲುತ್ತದೆ. ಅಂಟಿನವರು ಹೇಳುತ್ತಿರುವುದು 1250ರಲ್ಲಿ ಸಣ್ಣದು ಎಂದು.

1110ರ ಸುತ್ತ ಬರುವವರ ಸಂತೆಯೇ ಇದೆ: ಸಿಲಿಕೇಟ್, ಸಲ್ಫೇಟ್, ಫಾಸ್ಫೇಟ್, ಈಥರ್, ಫ್ಲೋರಿನ್ ಇರುವ ಲೂಬ್ರಿಕೆಂಟ್ ಕೂಡ ಅದರ ನೆರೆಯವನೇ. ಒಂದೇ ಪೀಕ್ ಹಿಡಿದು ಹೆಸರು ಹೇಳಬಾರದು, ಅದರ ಜೊತೆ ಯಾರು ಯಾರು ಬಂದಿದ್ದಾರೆ ನೋಡಬೇಕು. 950ರ ಉಬ್ಬನ್ನು ಸದ್ಯಕ್ಕೆ ಬಿಡಿ, ಅದು ಅಲ್ಯೂಮಿನಿಯಂನ ಸ್ವಂತ ಆಕ್ಸೈಡ್ ಇರಬೇಕು. ಬಂಗಾರದ ಕನ್ನಡಿಯಲ್ಲಿ ಆಕ್ಸೈಡ್ ಇಲ್ಲವಲ್ಲ, ಹಾಗಾಗಿ ಅದು ಈಗ ಕಾಣಿಸಿಕೊಂಡಿದೆ.

ಅಂಟಿನವರೇ, 1350 ಮತ್ತು 850ರಲ್ಲಿ ಏನಾದರೂ ಇದೆಯೇ? ಮತ್ತೊಂದು ಕೆಲಸ ಮಾಡಿ. ಒಂದು ಜಾಗಕ್ಕೆ ಮಾರ್ಕ್ ಹಾಕಿ ಅಳೆಯಿರಿ, ಶುದ್ಧ ಸಾಲ್ವೆಂಟಿನಿಂದ ಒರೆಸಿ ಅದೇ ಜಾಗ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಹೊರಟುಹೋದ ಕೊಳೆ.

12 · ಅಂಟಿನವ · ಮಂಗಳವಾರ, ಬೆಳಿಗ್ಗೆ 10:02

1350ರಲ್ಲಿ ಇದೆ, 850ರಲ್ಲಿ ಚಿಕ್ಕದು ಇದೆ. 800ರಲ್ಲಿ ಏನೂ ಇಲ್ಲ. ಹೆಕ್ಸೇನಿನಿಂದ ಮೂರು ಸಲ ಒರೆಸಿದೆ, ಪ್ರತಿ ಸಲ ಹೊಸ ಬಟ್ಟೆ. ಸ್ಪೆಕ್ಟ್ರಮ್ ಒಂದಿಷ್ಟೂ ಅಲುಗಲಿಲ್ಲ. ಹಾಗಾದರೆ ಇದು ಕೊಳೆಯೇ ಅಲ್ಲ, ಲೋಹದ ಭಾಗವೇ ಎಂದುಕೊಳ್ಳಬಹುದೇ?

13 · ತೊಟ್ಟಿಪಾಲಕ · ಮಂಗಳವಾರ, 11:20

ಎರಡು ದಿನದಿಂದ ಸುಮ್ಮನೆ ಓದುತ್ತಿದ್ದೆ, ಈಗ ತಡೆಯಲಾಗುತ್ತಿಲ್ಲ. ಹೆಕ್ಸೇನ್ ಎಣ್ಣೆಯನ್ನು ಎತ್ತುತ್ತದೆ. ನಿಮ್ಮದು ಎಣ್ಣೆಯಲ್ಲ ಸ್ವಾಮಿ, ಎಣ್ಣೆ ತೆಗೆಯಲು ಹಾಕಿದ ಸೋಪು! ಡಿಟರ್ಜೆಂಟಿನಲ್ಲಿರುವ ನಾನ್‌ಅಯಾನಿಕ್ ಸರ್ಫ್ಯಾಕ್ಟಂಟ್. ಅದರ ಅಣುವಿನಲ್ಲಿ ನೀರಿಗೆ ಒಲಿಯುವ ಭಾಗದ ಉದ್ದಕ್ಕೂ ಈಥರ್ ಬಂಧಗಳು, ಅದಕ್ಕೇ 1110. ಒಂದಿಷ್ಟು ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಶುದ್ಧ ನೀರು ಬೆರೆಸಿ ಒರೆಸಿ ನೋಡಿ, ಮಂಗಮಾಯ ಆಗುತ್ತದೆ.

ಹಳಬರಿಗೆ ನೆನಪಿರಬಹುದು. ಮೊದಲೆಲ್ಲ ಲೋಹ ತೊಳೆಯಲು ಸಿಎಫ್‌ಸಿ-113, ಟ್ರೈಕ್ಲೋರೋಈಥೇನ್ ಆವಿಯ ತೊಟ್ಟಿಗಳೇ ಇದ್ದವು. ಆವಿ ಪ್ಲೇಟಿನ ಮೇಲೆ ತಣಿದು, ಎಣ್ಣೆ ಕರಗಿಸಿಕೊಂಡು ಕೆಳಗೆ ಸುರಿಯುತ್ತಿತ್ತು, ಉಳಿದದ್ದು ಹಾರಿಹೋಗುತ್ತಿತ್ತು. ತೊಳೆದದ್ದನ್ನು ತೊಳೆಯುವ ಗೊಡವೆಯೇ ಇರಲಿಲ್ಲ. ಓಝೋನ್ ಪದರದ ಸಲುವಾಗಿ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, ಆ ದ್ರಾವಕಗಳು ಹಂತಹಂತವಾಗಿ ಹೋದವು, ನೀರಿನ ತೊಟ್ಟಿಗಳು ಬಂದವು. ಒಳ್ಳೆಯದೇ ಆಯಿತು, ಬೇಡ ಅನ್ನುವುದಿಲ್ಲ. ಆದರೆ ನೀರಿನ ತೊಳೆತದಲ್ಲಿ ಕೊನೆಯ ನೀರೇ ಜೀವ. ಅದು ಕೆಟ್ಟರೆ ಒಂದು ಕೊಳೆ ಕೊಟ್ಟು ಇನ್ನೊಂದು ಕೊಂಡುಕೊಂಡ ಹಾಗೆ.

ಈಗ ನನ್ನ ಒಂದು ಪ್ರಶ್ನೆ. ನೀರಿನ ಪರೀಕ್ಷೆ ಮಾಡಿದ ಪ್ಯಾನೆಲ್‌ಗಳಿಗೂ ಅಂಟು ಹಾಕುತ್ತೀರಿ ತಾನೇ? ಅವುಗಳಲ್ಲಿ ಎಷ್ಟು ಬಿಟ್ಟುಕೊಂಡಿವೆ?

14 · ಅಂಟಿನವ · ಮಂಗಳವಾರ, ಮಧ್ಯಾಹ್ನ 2:35

ರಿಜಿಸ್ಟರ್ ತೆಗೆದು ಕೂತೆ. ಒಂದೂ ಇಲ್ಲ. ಬಿಟ್ಟುಕೊಂಡವೆಲ್ಲ ಪರೀಕ್ಷೆ ಆಗದವು.

15 · ತೊಟ್ಟಿಪಾಲಕ · ಮಂಗಳವಾರ, 2:50

ಆಗಲೇ ಅಂದುಕೊಂಡೆ. ಸೋಪು ನೀರಿನ ಗೆಳೆಯ. ಸೋಪಿನ ಪದರ ಇದ್ದರೆ ನೀರು ಇನ್ನೂ ಚೆಂದ ಹರಡುತ್ತದೆ, ಹಾಗಾಗಿ ಪರೀಕ್ಷೆ ಪಾಸು. ಅಷ್ಟೇ ಅಲ್ಲ, ಪರೀಕ್ಷೆಗೆ ನೀವು ಹರಿಸುವ ಶುದ್ಧ ನೀರೇ ಆ ಪ್ಯಾನೆಲ್ಲನ್ನು ಮೂರನೇ ಸಲ ಜಾಲಿಸುತ್ತದೆ. ಪರೀಕ್ಷೆ ಮಾಡಿದ್ದು ಪರೀಕ್ಷೆಯಿಂದಲೇ ಶುದ್ಧವಾಯಿತು, ಮಿಕ್ಕ ಒಂಬತ್ತು ಸೋಪಿನ ಸಮೇತ ಅಂಟಿಗೆ ಹೋದವು.

16 · ಉಪ್ಪುಕಾಗದ · ಮಂಗಳವಾರ, 3:10

ಇದನ್ನು ನಾನು ಯೋಚಿಸಿರಲಿಲ್ಲ. ಒಪ್ಪಿದೆ.

17 · ಅಂಟಿನವ · ಮಂಗಳವಾರ, ಸಂಜೆ 4:45

ಆಲ್ಕೋಹಾಲ್-ನೀರಿನಲ್ಲಿ ಒರೆಸಿದೆ. 1110, 2870, 1350, 850 ಎಲ್ಲಾ ಒಟ್ಟಿಗೆ ಹೋದವು. 950ರ ಉಬ್ಬು ಇದ್ದಲ್ಲೇ ಇದೆ. ಮೇಡಂ ಹೇಳಿದ ಹಾಗೆ ಅದು ಆಕ್ಸೈಡೇ.

18 · ರೋಹಿತಾಕ್ಷಿ · ಮಂಗಳವಾರ, ಸಂಜೆ 6:20

ಒಟ್ಟಿಗೆ ಹೋದವು ಎಂಬುದು ದೊಡ್ಡ ಸಾಕ್ಷಿ. ನಾಲ್ಕೂ ಒಂದೇ ವಸ್ತುವಿನವು ಎಂದಾಯಿತು. ಕ್ಷಾರೀಯ ಡಿಟರ್ಜೆಂಟಿನಲ್ಲಿ ಸಿಲಿಕೇಟ್ ಕೂಡ ಇರುವುದುಂಟು, ಆದರೆ ಒಣಗಿದ ಸಿಲಿಕೇಟ್ ಆಲ್ಕೋಹಾಲ್‌ಗೆ ಹೀಗೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಅದಕ್ಕೆ 2870ರ ಗುಡ್ಡವೂ ಇರುವುದಿಲ್ಲ.

ಖಚಿತ ಮಾಡಿಕೊಳ್ಳಲು ವಜ್ರದ ಮೂತಿ ಬಳಸಿ. ಒಂದು ಅಡಿ ಅಗಲ-ಉದ್ದದ ಜಾಗವನ್ನು ಆಲ್ಕೋಹಾಲಿನಲ್ಲಿ ಅದ್ದಿದ ಸ್ವಾಬಿನಿಂದ ಒರೆಸಿ, ಅದನ್ನು ಚಿಕ್ಕ ಗಾಜಿನ ಬಟ್ಟಲಿಗೆ ಹಿಂಡಿ, ಒಂದೊಂದೇ ಹನಿ ವಜ್ರದ ಮೇಲೆ ಬಿಟ್ಟು ಆರಲು ಬಿಡಿ. ಒಂದು ಚದರ ಅಡಿಯ ಕೊಳೆ ಕೆಲವು ಚದರ ಮಿಲಿಮೀಟರಿಗೆ ಬಂದು ಕೂರುತ್ತದೆ. ಅದರ ಪಕ್ಕದಲ್ಲಿ ನಿಮ್ಮ ತೊಟ್ಟಿಯ ಡಿಟರ್ಜೆಂಟಿನ ಸ್ಪೆಕ್ಟ್ರಮ್ ಇಟ್ಟು ಹೋಲಿಸಿ. ಆದರೆ ಮೊದಲು ಖಾಲಿ ಸ್ವಾಬನ್ನು ಅದೇ ಆಲ್ಕೋಹಾಲಿನಲ್ಲಿ ಅದ್ದಿ, ಹಿಂಡಿ, ಅದನ್ನೂ ನೋಡಿ. ಸ್ವಾಬಿನ ಅಂಟು, ಪ್ಲಾಸ್ಟಿಕ್ ಬಾಟಲಿಯಿಂದ ಇಳಿದದ್ದು, ಕೈಗವಸು, ಎಲ್ಲವೂ ಅಲ್ಲಿ ಹಾಜರಾಗುತ್ತವೆ. ವಿನೈಲ್ ಕೈಗವಸು ಹಾಕಿಕೊಂಡು ಸಾಲ್ವೆಂಟ್ ಮುಟ್ಟಿದರಂತೂ ಥ್ಯಾಲೇಟ್ ಪ್ಲಾಸ್ಟಿಸೈಜರ್ ಖಾತ್ರಿ: 1725ರ ಪೀಕು, 1600-1580ರ ಪುಟ್ಟ ಜೋಡಿ. ಖಾಲಿ ಸ್ವಾಬ್ ನೋಡದೆ ಬರೆದ ಸ್ವಾಬ್ ವರದಿಯನ್ನು ನಾನು ಓದುವುದೇ ಇಲ್ಲ.

19 · ಹೊಸಬ22 · ಮಂಗಳವಾರ, ರಾತ್ರಿ 9:00

ಇದೆ ಅಥವಾ ಇಲ್ಲ ಎನ್ನುವುದು ಗೊತ್ತಾಯಿತು. ಎಷ್ಟಿದೆ ಎಂದು ಹೇಗೆ ಹೇಳುವುದು? ಉಪಕರಣ ಮೈಕ್ರೋಗ್ರಾಂನಲ್ಲಿ ತೋರಿಸುತ್ತದೆಯೇ?

20 · ಒರೆಗಲ್ಲು · ಮಂಗಳವಾರ, ರಾತ್ರಿ 9:40

ತೋರಸ್ತದ, ಆದರ ಮೊದಲ ನೀವು ಅದಕ್ಕ ಕಲಸಬೇಕು. ನಾ ಮಾಡೋ ರೀತಿ ಹೇಳ್ತೀನಿ. ಅದ ಅಲ್ಯೂಮಿನಿಯಂ, ಅದ ಫಿನಿಶ್, 10 ಸೆಂಟಿಮೀಟರ್ ಚೌಕದ ತುಂಡು ಕತ್ತರಸ್ಕೋರಿ. ಛಲೋ ತೊಳದು, ತೂಕ ಮಾಡ್ರಿ. ಡಿಟರ್ಜೆಂಟಿನ ಆ ಸರ್ಫ್ಯಾಕ್ಟಂಟ್ ಒಂದು ಮಿಲಿಗ್ರಾಂ, ಒಂದು ಮಿಲಿಲೀಟರ್ ಆಲ್ಕೋಹಾಲ್‌ನ್ಯಾಗ ಕರಗಿಸಿ ಇಡೀ ತುಂಡಿನ ಮ್ಯಾಲೆ ಹರಡ್ರಿ. ಆರಿದ ಮ್ಯಾಲೆ ಚದರ ಸೆಂಟಿಮೀಟರಿಗೆ 10 ಮೈಕ್ರೋಗ್ರಾಂ ಆತು. ದಪ್ಪ ಲೆಕ್ಕ ಹಾಕಿದರ ಸುಮಾರು 100 ನ್ಯಾನೋಮೀಟರ್. ಅದನ್ನ ತೆಳು ಮಾಡ್ಕೋತ 5, 2, 1, ಅರ್ಧ, ಹಿಂಗ ಒಂದು ಸರಣಿ ಮಾಡ್ರಿ. 0.1 ಮಿಲಿಗ್ರಾಂ ತೋರಸೋ ತಕ್ಕಡಿ ಇದ್ದರ ದೊಡ್ಡವನ್ನ ತೂಗಿ ತಾಳೆ ನೋಡಬಹುದು. ಸಣ್ಣವಕ್ಕ ದ್ರಾವಣದ ಲೆಕ್ಕಾನ ನಂಬಬೇಕು.

ತ್ರಾಸು ಎಲ್ಲಿ ಅಂದ್ರ, ಹನಿ ಒಂದ ಕಡೆ ಬಿಟ್ಟರ ಆರೂಮುಂದ ಎಲ್ಲಾ ಅಂಚಿಗೆ ಓಡ್ತದ. ನಡುವ ಖಾಲಿ, ಸುತ್ತ ಉಂಗುರ. ನೀವು ನಡುವ ಅಳದು 'ಮಷಿನ್ ಕಮ್ಮಿ ತೋರಸ್ತದ' ಅಂತೀರಿ. ಸಣ್ಣ ಸ್ಪ್ರೇ ಗನ್‌ಲೆ ಹಗುರಕ ನಾಲ್ಕೈದು ಸಲ ಹೊಡೀರಿ, ಒಂದೊಂದು ತುಂಡಿನ ಮ್ಯಾಲೆ ಐದು ಜಾಗ ಅಳೀರಿ. ಐದೂ ಹತ್ತಿರ ಬರಲಿಲ್ಲಂದ್ರ ಆ ತುಂಡು ಒಗದ ಬಿಡ್ರಿ.

ದಪ್ಪ ಪದರದ ಮ್ಯಾಲೆ ಈ ಲೆಕ್ಕ ನಡ್ಯಂಗಿಲ್ಲ. 5 ಮೈಕ್ರಾನ್ ಗ್ರೀಸ್ ಇದ್ದರ ಬೆಳಕು ಪದರದ ಎರಡು ಮೈಯಿಂದ ಬಂದು ಕೂಡಿ ಅಲೆ ಅಲೆ ಗೆರಿ ಬರ್ತದ, 45 ಡಿಗ್ರಿ ಮೂತಿಗೆ 750ರ ಆಸುಪಾಸಿಗೆ ಒಂದೊಂದು ಅಲೆ. ಅಷ್ಟು ದಪ್ಪ ಇದ್ದರ ಬೆರಳಿಗೇ ಗೊತ್ತಾಗ್ತದ ಬಿಡ್ರಿ, ಮಷಿನ್ ಯಾಕ.

21 · ಉಪ್ಪುಕಾಗದ · ಬುಧವಾರ, ಬೆಳಿಗ್ಗೆ 8:30

ಒಪ್ಪಿದೆ ಎಂದೆ, ಸೋತೆ ಎನ್ನಲಿಲ್ಲ. ಆ ಮಷಿನ್ನಿನ ಚುಕ್ಕೆ ಎಷ್ಟಗಲ? ಮೂರು ಮಿಲಿಮೀಟರ್ ಇರಬಹುದೇ? ಒಂದು ಚದರ ಮೀಟರ್ ಪ್ಯಾನೆಲ್ಲಿನ ಮೇಲೆ ಒಂಬತ್ತು ಕಡೆ ಒತ್ತಿದರೆ ನೋಡಿದ್ದು ಹತ್ತು ಸಾವಿರದಲ್ಲಿ ಒಂದು ಭಾಗಕ್ಕೂ ಕಡಿಮೆ. ನೀರು ಇಡೀ ಪ್ಯಾನೆಲ್ ನೋಡುತ್ತದೆ. ಮತ್ತೆ ನಮ್ಮ ಕೆಲಸ ಮರಳು ಹೊಡೆದ ಉಕ್ಕಿನ ಮೇಲೆ. ಅಲ್ಲಿ ಕನ್ನಡಿಯೂ ಇಲ್ಲ, ಮಣ್ಣೂ ಇಲ್ಲ.

22 · ರೋಹಿತಾಕ್ಷಿ · ಬುಧವಾರ, 10:10

ಎರಡೂ ನ್ಯಾಯವಾದ ಆಕ್ಷೇಪಣೆ. ಮರಳು ಹೊಡೆದ ಮೈಯಲ್ಲಿ ಬೆಳಕು ಎಲ್ಲ ದಿಕ್ಕಿಗೂ ಚೆದುರುತ್ತದೆ. 45 ಡಿಗ್ರಿ ಮೂತಿಗೆ ಹಿಂತಿರುಗುವುದು ಚೂರು. ಅದಕ್ಕೆ ಚೆದುರಿದ ಬೆಳಕನ್ನು ಒಟ್ಟುಮಾಡುವ ಡಿಫ್ಯೂಸ್ ಮೂತಿ ಬೇರೆ ಇದೆ, ಅದರ ರೆಫರೆನ್ಸ್ ಕೂಡ ಒರಟು ಬಂಗಾರವೇ ಆಗಿರಬೇಕು. ಇಷ್ಟೆಲ್ಲ ಮಾಡಿದರೂ ನಯವಾದ ಪ್ಲೇಟಿನಷ್ಟು ಸೂಕ್ಷ್ಮತೆ ಬರುವುದಿಲ್ಲ. ಗುಂಡಿಗಳೊಳಗೆ ಕೂತ ಎಣ್ಣೆ ಒಂದು ಕಡೆ ದಪ್ಪ, ಒಂದು ಕಡೆ ತೆಳು.

ವಿಸ್ತೀರ್ಣದ ಮಾತಿಗೆ ಬಂದರೆ, ಈ ಉಪಕರಣ ಹುಡುಕುವವನಲ್ಲ, ಹೆಸರು ಹೇಳುವವನು. ಇಡೀ ಮೈ ಬೇಗ ಸ್ಕ್ಯಾನ್ ಮಾಡಲು ಬೇರೆ ದಾರಿಗಳಿವೆ. ನಾಸಾದ ಸ್ಪೇಸ್ ಶಟಲ್‌ನ ಘನ ಇಂಧನ ರಾಕೆಟ್ಟಿನ ಉಕ್ಕಿನ ಕವಚಗಳಿಗೆ ಒಳಪದರ ಅಂಟಿಸುವ ಮುಂಚೆ ಓಎಸ್‌ಇಇ ಎಂಬ ವಿಧಾನ ಬಳಸುತ್ತಿದ್ದರು. ಅತಿನೇರಳೆ ಬೆಳಕು ಬಿಟ್ಟು, ಲೋಹದಿಂದ ಚಿಮ್ಮುವ ಎಲೆಕ್ಟ್ರಾನ್ ಪ್ರವಾಹ ಅಳೆಯುವುದು. ತುಕ್ಕು ಹಿಡಿಯದಿರಲೆಂದು ಬಳಿದ ಗ್ರೀಸು ಚೂರು ಉಳಿದರೂ ಪ್ರವಾಹ ಕುಸಿಯುತ್ತದೆ. ಆದರೆ ಏನು ಉಳಿದಿದೆ ಎಂದು ಅದು ಹೇಳದು, ಆಕ್ಸೈಡ್ ಬದಲಾದರೂ ಕುಸಿಯುತ್ತದೆ. ಇನ್ಫ್ರಾರೆಡ್ ಅಲ್ಲಿ ಬಂದು ಹೆಸರು ಹೇಳುತ್ತದೆ. ನಿಮ್ಮ ನೀರು ಕೂಡ ಹಾಗೆಯೇ ಸರ್, ಜಾಗ ತೋರಿಸಲಿ. ಎಲ್ಲಿ ಒತ್ತಬೇಕು ಎಂಬುದಕ್ಕೆ ಅಂಟಿನವರ ಬಳಿ ನೀರಿಗಿಂತ ಒಳ್ಳೆಯ ನಕ್ಷೆ ಇದೆ: ಬಿಟ್ಟುಕೊಂಡ ಜಾಗಗಳು.

23 · ಒರೆಗಲ್ಲು · ಬುಧವಾರ, 10:45

ಇನ್ನೊಂದು ಮಾತು, ಮರಳು ಹೊಡೆದ ಉಕ್ಕಿನವರಿಗೆ. ಉಪ್ಪು ಈ ಮಷಿನ್ನಿಗೆ ಕಾಣಂಗಿಲ್ಲ. ಅಡಗಿ ಉಪ್ಪಿನ ಹರಳಿನಿಂದನ ಲ್ಯಾಬಿನಾಗ ಇನ್ಫ್ರಾರೆಡ್ ಕಿಟಕಿ ಮಾಡ್ತಾರ, ಅಷ್ಟು ಪಾರದರ್ಶಕ. ಪೇಂಟಿನ ಕೆಳಗ ಗುಳ್ಳೆ ಎಬ್ಬಸೋದು ಅದ ಕ್ಲೋರೈಡ್. ಅದಕ್ಕ ಬ್ರೆಸ್ಲೆ ಪ್ಯಾಚ್ ಹಚ್ಚಿ ನೀರು ಹಾಕಿ ತಗದು ಕಂಡಕ್ಟಿವಿಟಿ ನೋಡೋದ ಸರಿ, ಐಎಸ್‌ಒ 8502ರ 6 ಮತ್ತು 9ನೇ ಭಾಗದಾಗ ಐತಿ. ಲೋಹದ ಪುಡಿನೂ ಕಾಣಂಗಿಲ್ಲ. 'ಎಫ್‌ಟಿಐಆರ್ ಸ್ವಚ್ಛ ಅಂತು' ಅಂದ್ರ ಪ್ಲೇಟು ಸ್ವಚ್ಛ ಅಂತ ಅಲ್ಲ.

24 · ತೊಟ್ಟಿಪಾಲಕ · ಬುಧವಾರ, ಮಧ್ಯಾಹ್ನ 12:05

ಜಾಗದ ಮಾತು ಬಂತಲ್ಲ. ಅಂಟಿನವರೇ, ಬಿಟ್ಟುಕೊಂಡ ಜಾಗ ಪ್ಯಾನೆಲ್ಲಿನ ಯಾವ ಭಾಗದಲ್ಲಿ ಜಾಸ್ತಿ? ತೊಟ್ಟಿಯಲ್ಲಿ ನೇತು ಹಾಕಿದಾಗ ಮೇಲೆ ಇದ್ದ ಕಡೆಯೇ?

25 · ಅಂಟಿನವ · ಬುಧವಾರ, 3:30

ನಿಮಗೆ ಹೇಗೆ ಗೊತ್ತಾಯಿತು? ಕೊಕ್ಕೆಯ ತೂತು ನೋಡಿ ಮೇಲು-ಕೆಳಗು ಗುರುತಿಸಿದೆ. ಒಂದನ್ನು ಬಿಟ್ಟು ಎಲ್ಲವೂ ಮೇಲಿನ ಮೂರನೇ ಒಂದು ಭಾಗದಲ್ಲಿ.

26 · ತೊಟ್ಟಿಪಾಲಕ · ಬುಧವಾರ, 3:55

ಬಿಸಿ ತೊಟ್ಟಿಯಿಂದ ಎತ್ತಿದ ಪ್ಯಾನೆಲ್ ಗಾಳಿಯಲ್ಲಿ ನೇತಾಡುವಾಗ ನೀರು ಕೆಳಗೆ ಇಳಿಯುತ್ತದೆ, ಮೇಲಂಚು ಮೊದಲು ಒಣಗುತ್ತದೆ. ಬಿಸಿ ಲೋಹದ ಮೇಲೆ ಒಣಗಿದ ಸೋಪು ಒಂದು ಅದ್ದಿಗೆ ಕರಗುವುದಿಲ್ಲ. ಹಾಯಿಸ್ಟ್ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಗಡಿಯಾರ ಹಿಡಿದು ನೋಡಿ. ಎರಡು ತಿಂಗಳ ಹಿಂದೆ ಅಲ್ಲಿ ಏನಾದರೂ ರಿಪೇರಿ ಆಯಿತೇ?

27 · ಅಂಟಿನವ · ಗುರುವಾರ, ಬೆಳಿಗ್ಗೆ 9:25

ಆಗಿತ್ತು. ಹಾಯಿಸ್ಟ್ ಮೋಟಾರ್ ಬದಲಾಯಿಸಿದ್ದರು, ಆವತ್ತಿನಿಂದ ನಿಧಾನಕ್ಕೆ ಓಡುತ್ತಿದೆ. ತೊಟ್ಟಿಯಿಂದ ತೊಟ್ಟಿಗೆ ಒಂದೂವರೆ ನಿಮಿಷ ತೆಗೆದುಕೊಳ್ಳುತ್ತಿದೆ. ಕೊನೆಯ ನೀರಿನ ತೊಟ್ಟಿಯೂ ನೊರೆ ಕಾರುತ್ತಿತ್ತು, ಯಾರೂ ತಲೆಗೆ ಹಾಕಿಕೊಂಡಿರಲಿಲ್ಲ. ನಾನೂ.

ಸ್ವಾಬ್ ಕೂಡ ನೋಡಿದೆ. ಖಾಲಿ ಸ್ವಾಬಿನಲ್ಲಿ ಥ್ಯಾಲೇಟ್ ಬಂತು, ಮೇಡಂ ಹೇಳಿದ ಹಾಗೆಯೇ, ನಮ್ಮ ಕೈಗವಸಿನಿಂದ! ನೈಟ್ರೈಲ್ ಹಾಕಿಕೊಂಡು, ಸ್ವಾಬನ್ನು ಚಿಮುಟದಲ್ಲಿ ಹಿಡಿದು ಮತ್ತೆ ಮಾಡಿದೆ. ಈಗ ತೊಟ್ಟಿಯ ಡಿಟರ್ಜೆಂಟಿನ ಸ್ಪೆಕ್ಟ್ರಮ್ಮಿನ ಮೇಲೆ ಇಟ್ಟರೆ ಗೆರೆ ಮೇಲೆ ಗೆರೆ ಕೂರುತ್ತದೆ.

28 · ಅಂಟಿನವ · ಮುಂದಿನ ಮಂಗಳವಾರ, ಸಂಜೆ 5:40

ಮಾಡಿದ್ದು ಇಷ್ಟು. ಎರಡು ತೊಟ್ಟಿಗಳ ನಡುವೆ ನೀರಿನ ಮಂಜು ಸಿಂಪಡಿಸುವ ಪೈಪು ಹಾಕಿದೆವು, ಪ್ಯಾನೆಲ್ ಒಣಗಲು ಬಿಡುವುದಿಲ್ಲ. ಕೊನೆಯ ತೊಟ್ಟಿಗೆ ಅಯಾನು ತೆಗೆದ ನೀರು, ಹರಿದುಹೋಗುವ ಹಾಗೆ. ಒರೆಗಲ್ಲು ಸರ್ ಹೇಳಿದ ಸರಣಿ ಮಾಡಿಕೊಂಡೆ, ಉಂಗುರ ಬಂದ ಎರಡು ತುಂಡು ಎಸೆದೆ. ಹಳೇ ಪ್ಯಾನೆಲ್‌ಗಳ ಮೇಲಂಚಿನಲ್ಲಿ ಚದರ ಸೆಂಟಿಮೀಟರಿಗೆ 4ರಿಂದ 6 ಮೈಕ್ರೋಗ್ರಾಂ ಇತ್ತು. ಹೊಸವುಗಳಲ್ಲಿ ಗೆರೆ ಗದ್ದಲದೊಳಗೆ ಮುಳುಗಿದೆ, ಅಂದರೆ ನನ್ನ ಕೈಯಲ್ಲಿ ಅರ್ಧ ಮೈಕ್ರೋಗ್ರಾಂಗಿಂತ ಕೆಳಗೆ. ಈ ವಾರ ಎಳೆದು ಬಿಚ್ಚಿದ ಇಪ್ಪತ್ತರಲ್ಲಿ ಒಂದೂ ಲೋಹದಿಂದ ಬಿಟ್ಟಿಲ್ಲ.

ಎಷ್ಟು ಮೈಕ್ರೋಗ್ರಾಂಗೆ ಅಂಟು ಸೋಲುತ್ತದೆ ಎಂಬ ಗೆರೆ ಇನ್ನೂ ಎಳೆದಿಲ್ಲ. ಅದಕ್ಕೆ ಬೇಕೆಂದೇ ಸೋಪು ಹಚ್ಚಿದ ತುಂಡುಗಳಿಗೆ ಅಂಟು ಹಾಕಿ ಮುರಿಯಬೇಕು. ಆ ತುಂಡುಗಳು ಈಗ ಗಟ್ಟಿಯಾಗಲು ಕೂತಿವೆ.

ಬಾಡಿಗೆ ಇನ್ನೂ ಆರು ದಿನ ಇದೆ. ಉಪ್ಪುಕಾಗದ ಸರ್, ಆ ಫಿಶ್‌ಐ ಬಂದಿದ್ದ ತಗಡು ಇನ್ನೂ ಇಟ್ಟುಕೊಂಡಿದ್ದರೆ ಕಳಿಸಿ, ನೋಡೋಣ.

29 · ಉಪ್ಪುಕಾಗದ · ಮಂಗಳವಾರ, 6:15

ಇದೆ, ಅಟ್ಟದ ಮೇಲೆ ಇಟ್ಟಿದ್ದೇನೆ. ಪೇಂಟ್ ಹೊಡೆಯದ ಅದರ ಜೋಡಿ ತಗಡೂ ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳಿಸಲೇ?

30 · ರೋಹಿತಾಕ್ಷಿ · ಮಂಗಳವಾರ, 6:30

ಪ್ಲಾಸ್ಟಿಕ್ ಬೇಡ ಸರ್, ಅದರಿಂದಲೇ ಏನಾದರೂ ಇಳಿಯುತ್ತದೆ. ಅಂಚು ಮಾತ್ರ ಹಿಡಿದು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ.

31 · ಒರೆಗಲ್ಲು · ಮಂಗಳವಾರ, 6:48

ಫಾಯಿಲ್ ಮ್ಯಾಲೂ ರೋಲಿಂಗ್ ಎಣ್ಣಿ ಇರ್ತದ್ರೀ ಮೇಡಂ. ಮೊದಲ ಫಾಯಿಲ್ ತೊಳೀರಿ ಅಂತ ಹೇಳ್ರಿ ಅವರಿಗೆ. ಹೆಕ್ಸೇನಿನ್ಯಾಗ ಒಮ್ಮೆ, ಆಲ್ಕೋಹಾಲಿನ್ಯಾಗ ಒಮ್ಮೆ.